ನಲವತ್ತೇಳನೇ ನಂಬರಿನ ಅಜ್ಜಿ

ಪಾರ್ಕಿನೊಳಗಿಂದ ಹಾದರೆ ಪುಟ್ಟಕ್ಕನ ಮನೆಗೆ ಏಳು ನಿಮಿಷ. ರಸ್ತೆ ಹಿಡಿದು ಸುತ್ತಿದರೆ ಇಪ್ಪತ್ತು. ದಿನವಿಡೀ ಕಾಲು ಸವೆಸಿದ ಹೆಂಗಸು ಯಾವ ದಾರಿ ಹಿಡಿಯುತ್ತಾಳೆ ಅಂತ ಬಿಡಿಸಿ ಹೇಳಬೇಕೆ? ಅವತ್ತೂ ಹಿಂದಿನ ಚಿಕ್ಕ ಗೇಟು ತಳ್ಳಿದಳು. ಕಿರ್ರ್... ಅಂತು. ಜಲ್ಲಿ ಹಾಸಿದ ಹಾದಿಯ ಮೇಲೆ ಚಪ್ಪಲಿ ಕರಕ್, ಕರಕ್. ಗಂಟೆ ಏಳಾಗಿತ್ತು. ಆ ತಿಂಗಳಲ್ಲಿ ಏಳಕ್ಕೆಲ್ಲ ಕತ್ತಲು.

ಪಾರ್ಕಿನ ನಡುವೆ ಒಂದು ಹಳೇ ಬಾವಿ ಇದೆ. ಸುತ್ತ ಮೊಣಕಾಲೆತ್ತರದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಜಾಲರಿಗೊಂದು ಬೀಗ. ಅದನ್ನು ದಾಟುವಾಗ ಕಟ್ಟೆಯ ಮೇಲೆ ಯಾರೋ ಅತ್ತ ಮುಖ ಮಾಡಿ ಕೂತಿದ್ದರು. ಮೆಲ್ಲಗೆ ಅಂದರು.

"ಇವತ್ತೂ ಕೇಳಲಿಲ್ಲವಲ್ಲ..."

ಯಾರೋ ಫೋನಿನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಂಡಳು ಪುಟ್ಟಕ್ಕ. ಒಬ್ಬೊಬ್ಬರೇ ಮಾತಾಡುವವರಿಗೆಲ್ಲ ಹೆದರಿದರೆ ಈ ಕಾಲದಲ್ಲಿ ಬೀದಿಗೆ ಇಳಿಯುವ ಹಾಗೇ ಇಲ್ಲ. ಮುಂದೆ ಹೋದಳು. ಹತ್ತು ಹೆಜ್ಜೆ ಆದಮೇಲೆ ಅವಳಿಗೆ ಹೊಳೆಯಿತು... ಅವರ ಎರಡು ಕೈಯೂ ಮಡಿಲಲ್ಲಿದ್ದವು.

ಪುಟ್ಟಕ್ಕ ಅಂದರೆ ನಮ್ಮ ದೊಡ್ಡಮ್ಮನ ಮಗಳು. ಎತ್ತರದಲ್ಲಿ ಮನೆಯವರೆಲ್ಲರಿಗಿಂತ ಕುಳ್ಳಿ, ವಯಸ್ಸಿನಲ್ಲಿ ನಮಗೆಲ್ಲ ದೊಡ್ಡವಳು. ಹೆಸರಿನ ಮೊದಲರ್ಧ ಎತ್ತರಕ್ಕೆ, ಉಳಿದರ್ಧ ವಯಸ್ಸಿಗೆ. ಸುಳ್ಳು ಹೇಳುವ ಪೈಕಿ ಅಲ್ಲ. ಇದು ನಡೆಯುವವರೆಗೆ ಹಾಗಂತ ನಾವೂ ನಂಬಿದ್ದೆವು.

ಅವಳ ಕೆಲಸ ಸರ್ವೆ. ನಗರಸಭೆಯ ಪರವಾಗಿ ಜನರನ್ನು ನಿಲ್ಲಿಸಿ ಪ್ರಶ್ನೆ ಕೇಳಿ ಫಾರಂ ತುಂಬುವುದು. ಒಮ್ಮೆ ನಲ್ಲಿ ನೀರು, ಒಮ್ಮೆ ಬೀದಿನಾಯಿ, ಒಮ್ಮೆ ಬಸ್ಸು. ಹನ್ನೆರಡು ವರ್ಷದಿಂದ ದಿನಗೂಲಿಯ ಲೆಕ್ಕದಲ್ಲೇ ದುಡಿದಿದ್ದಳು. ಆ ವರ್ಷ ಮಾತ್ರ ಕಾಯಂ ಮಾಡುವವರ ಪಟ್ಟಿಯೊಂದು ತಯಾರಾಗುತ್ತಿತ್ತು. ಅದರಲ್ಲಿ ಅವಳ ಹೆಸರಿತ್ತು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ, ಮನೆಗೆ ಬರುವುದು ತಿಂಗಳಿಗೆ ಎರಡು ಸಲ. ಉಳಿದಂತೆ ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ. ಆ ಪಟ್ಟಿಯಿಂದ ಹೆಸರು ಜಾರಿದರೆ ಇನ್ನೊಂದು ಪಟ್ಟಿ ಬರುವಷ್ಟರಲ್ಲಿ ತನ್ನ ತಲೆ ಪೂರ್ತಿ ನರೆತಿರುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಸಲದ ಸರ್ವೆ ಪಾರ್ಕಿನದೇ. ಇದನ್ನು ಉಳಿಸುವುದೋ, ಕೆಡವಿ ನಾಲ್ಕಂತಸ್ತಿನ ವಾಹನ ನಿಲ್ದಾಣ ಕಟ್ಟುವುದೋ ಅಂತ ತೀರ್ಮಾನ ಆಗಬೇಕಿತ್ತು. ಪಾರ್ಕಿಗೆ ಬರುವ ಅರವತ್ತು ಜನರನ್ನು ಕೇಳಬೇಕು. ಮುಖ್ಯವಾದದ್ದು ಒಂಬತ್ತನೇ ಪ್ರಶ್ನೆ: 'ಈ ಉದ್ಯಾನಕ್ಕೆ ಬರುವುದು ಯೋಗ್ಯವೆನಿಸುತ್ತದೆಯೇ? ಒಂದರಿಂದ ಐದರವರೆಗೆ ಅಂಕ ಕೊಡಿ.' ಸರಾಸರಿ ಮೂರಕ್ಕಿಂತ ಕೆಳಗೆ ಬಿದ್ದರೆ ಪಾರ್ಕು ಹೋಯಿತು.

ನಲವತ್ತೊಂದು ಫಾರಂ ಆಗಿತ್ತು. ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್. ಎರಡೆರಡು ಗಂಟೆಗೊಮ್ಮೆ ಔಷಧದ ಹನಿ ಬಿಡಬೇಕು, ಒಬ್ಬರು ಪಕ್ಕದಲ್ಲೇ ಇರಬೇಕು. ರಜೆ ಕೇಳಿದರೆ ಪಟ್ಟಿ ಕೈತಪ್ಪುತ್ತದೆ. ಕೇಳದಿದ್ದರೆ ಕಣ್ಣು. ಪುಟ್ಟಕ್ಕ ಮನೆಯಲ್ಲೇ ಕೂತಳು. ಉಳಿದ ಹತ್ತೊಂಬತ್ತು ಫಾರಮ್ಮನ್ನು ಒಲೆಯ ಪಕ್ಕ ಕೂತು ತಾನೇ ತುಂಬಿದಳು.

ಇದೇನು ಅವಳು ಕಂಡುಹಿಡಿದದ್ದಲ್ಲ. ಅವರ ಕಸುಬಿನವರು ಇಂಥದ್ದಕ್ಕೆ 'ಅಡುಗೆಮನೆ ಫಾರಂ' ಅನ್ನುತ್ತಾರೆ. ಅದಕ್ಕೂ ಒಂದು ನೇಮವಿದೆ. ಒಂದೇ ಪೆನ್ನು ಬಳಸಬಾರದು. ಎಲ್ಲರಿಗೂ ಐದು ಕೊಡಬಾರದು, ನಡುನಡುವೆ ಮೂರು ಉದುರಿಸಬೇಕು. ಫೋನ್ ನಂಬರಿನ ಮುಂದೆ 'ಇಲ್ಲ'. ಎಲ್ಲಕ್ಕಿಂತ ಮುಖ್ಯ, ವಿಳಾಸದ ಜಾಗ ಖಾಲಿ ಬಿಟ್ಟು ಪಕ್ಕದಲ್ಲಿ 'ಹೇಳಲು ಇಷ್ಟಪಡಲಿಲ್ಲ' ಅಂತ ಗುರುತು ಹಾಕಬೇಕು. ವಿಳಾಸ ಕೊಟ್ಟರೆ ಮರುತನಿಖೆಯವರು ಬಾಗಿಲು ತಟ್ಟುತ್ತಾರೆ, ಸಿಕ್ಕಿಬೀಳುತ್ತೀರಿ. ವಿಳಾಸವೇ ಇಲ್ಲದವನನ್ನು ಎಲ್ಲಿ ಹುಡುಕುತ್ತಾರೆ?

ಆದರೆ ಪುಟ್ಟಕ್ಕನಿಗೆ ಸುಳ್ಳಿನಲ್ಲೂ ಅಚ್ಚುಕಟ್ಟು. ಬೇರೆಯವರು 'ಗಂಡು, ನಲವತ್ತು' ಅಂತ ಗೀಚಿ ಎದ್ದರೆ ಇವಳು ಮೊದಲು ಮನುಷ್ಯರನ್ನು ಕಣ್ಣೆದುರು ತಂದುಕೊಳ್ಳುವಳು, ಅಂಕ ಆಮೇಲೆ. ನಲವತ್ತೆರಡನೆಯವನು ನಿವೃತ್ತ ಪೋಸ್ಟ್‌ಮ್ಯಾನ್. ನಡೆದೂ ನಡೆದೂ ಒಂದು ಕಾಲು ಎಳೆಯುತ್ತಾನೆ. ಐವತ್ತು, ಐವತ್ತೊಂದು ಗಂಡ ಹೆಂಡತಿ. ಮಾತು ಬಿಟ್ಟಿದ್ದಾರೆ, ಒಂದೇ ಬೆಂಚಿನ ಎರಡು ತುದಿಗೆ ಕೂರುತ್ತಾರೆ. ಐವತ್ತೆಂಟು, ಪಾಳಿ ಮುಗಿಸಿ ಬಂದು ಷೂ ಬಿಚ್ಚಿ ಪಾದ ಒತ್ತಿಕೊಳ್ಳುವ ನರ್ಸಮ್ಮ. ನಲವತ್ತೇಳನೆಯವಳು ಅಜ್ಜಿ. ವಯಸ್ಸು ಎಪ್ಪತ್ತೊಂದು. ದಿನಾ ಸಂಜೆ ಆರರಿಂದ ಏಳು, ಬಾವಿಕಟ್ಟೆಯ ಮೇಲೆ. ಅಂಕ ಐದು. ಅತ್ತೆಯ ಕಣ್ಣು ಒರೆಸುತ್ತ ಕೂತಿದ್ದಾಗ ಆ ಅಜ್ಜಿಗೊಂದು ಕಂದು ಸ್ವೆಟರನ್ನೂ ತೊಡಿಸಿದ್ದಳು. ಎರಡನೇ ಗುಂಡಿ ಮಾತ್ರ ಬಿಳಿ, ಬೇರೆ ಬಟ್ಟೆಯಿಂದ ಕಿತ್ತು ಹೊಲಿದದ್ದು. ಇದು ಫಾರಮ್ಮಿನಲ್ಲಿ ಇರಲಿಲ್ಲ. ಸ್ವೆಟರಿಗೆ ಅದರಲ್ಲಿ ಜಾಗವೂ ಇಲ್ಲ. ಬರೀ ಅವಳ ತಲೆಯೊಳಗಿತ್ತು.

ಹತ್ತೊಂಬತ್ತಕ್ಕೆ ಹತ್ತೊಂಬತ್ತೂ 'ದಿನಾ ಬರುತ್ತೇನೆ'. ಪಾರ್ಕು ಉಳಿಯಲಿ ಅಂತ. ಸುಳ್ಳು ಹೇಳಿದರೂ ಮರಗಳ ಪರವಾಗಿ ತಾನೆ, ಅಂತ ತನಗೆ ತಾನೇ ಹೇಳಿಕೊಂಡಳು. ಫಾರಂ ಕೊಟ್ಟು ಮನೆಗೆ ಬರುವಾಗಲೇ ಬಾವಿಯ ಹತ್ತಿರ ಆ ಮಾತು ಕೇಳಿಸಿದ್ದು.

ನಾಲ್ಕು ದಿನ ಕಳೆಯಿತು. ಸೂಪರ್‌ವೈಸರ್ ಕರೆಸಿದ. ವಯಸ್ಸಿನಲ್ಲಿ ಅವಳ ಕಿರಿ ತಮ್ಮನಂಥವನು, ಆದರೆ ಕುರ್ಚಿಗೆಲ್ಲಿಯ ವಯಸ್ಸು? ಹತ್ತರಲ್ಲೊಂದು ಫಾರಂ ಎತ್ತಿ ಮರುತನಿಖೆ ಮಾಡುವುದು ಅವನ ಕೆಲಸ. ಅವನ ಮೇಜಿನ ಮೇಲೆ ನಲವತ್ತೇಳನೇ ನಂಬರ್ ಇತ್ತು.

"ಈ ಅಜ್ಜಿ ಸಿಕ್ಕಿದ್ರು ಮೇಡಂ," ಅಂದ.

ಪುಟ್ಟಕ್ಕ ಫಾರಮ್ಮಿನ ನಂಬರನ್ನು ಇನ್ನೊಮ್ಮೆ ಓದಿದಳು. ಆಮೇಲೆ ಸ್ವಲ್ಪ ಸಮಾಧಾನವಾಯಿತು. ಯಾವ ಊರಿನ ಯಾವ ಪಾರ್ಕಿನಲ್ಲಿ ಒಬ್ಬಳು ಅಜ್ಜಿ ಇರುವುದಿಲ್ಲ? ಬಾವಿಕಟ್ಟೆ ಇದ್ದಮೇಲೆ ಯಾರೋ ಕೂತಿರುತ್ತಾರೆ. ಬಿಟ್ಟ ಬಾಣ ಹೇಗೋ ಗುರಿಗೆ ತಾಗಿದೆ, ಅಷ್ಟೆ.

ಆದರೆ ಅವನು ಮುಂದುವರಿಸಿದ. ಸರ್ವೆಯವರು ಬಂದು ಕೇಳಿದರೇ ಅಂದದ್ದಕ್ಕೆ ಅಜ್ಜಿ ಇಲ್ಲ ಅಂದಳಂತೆ. ಅಷ್ಟೇ ಆಗಿದ್ದರೆ ಮರೆವು ಅನ್ನಬಹುದಿತ್ತು. ಅವಳು ಹೇಳಿದ ರೀತಿ ಮಾತ್ರ ಅವನಿಗೆ ಹಿಡಿಸಿರಲಿಲ್ಲ. ಅದನ್ನು ಹಾಗೇ ಬರೆದುಕೊಂಡಿದ್ದ, ಓದಿ ಹೇಳಿದ.

"'ಬರೆದುಕೊಂಡಳು. ಕೇಳಲಿಲ್ಲ.'"

ಅವನೇನು ಕೆಟ್ಟವನಲ್ಲ. ನಾಳಿದ್ದು ಬೆಳಿಗ್ಗೆವರೆಗೆ ಟೈಮ್ ಇದೆ, ಹೊಸ ಫಾರಂ ತಗೊಂಡು ಹೋಗಿ ಮತ್ತೆ ಕೇಳಿ, ವಿಳಾಸ ತುಂಬಿಸಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ಬನ್ನಿ ಅಂದ. ಇಲ್ಲದಿದ್ದರೆ ಅರವತ್ತೂ ಅನುಮಾನ ಅಂತ ಬರೆಯಬೇಕಾಗುತ್ತದೆ. ಆಮೇಲೆ ಪಟ್ಟಿಯ ವಿಷಯ ತನ್ನ ಕೈಯಲ್ಲಿಲ್ಲ. ಒಂದೇ ಒಂದು ಖಾಲಿ ಫಾರಂ ಎಣಿಸಿ ಕೊಟ್ಟ.

ಮಾರನೇ ದಿನ ಸಂಜೆ ಆರೂಮುಕ್ಕಾಲಿಗೆ ಪುಟ್ಟಕ್ಕ ದೊಡ್ಡ ಗೇಟಿನಿಂದಲೇ ಒಳಗೆ ಹೋದಳು. ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಬಾವಿಕಟ್ಟೆಯ ಅಜ್ಜಿ ಗೊತ್ತೇ ಅಂತ ಕೇಳಿದಳು. ಅವನು ಎಣ್ಣೆಯ ಬೆರಳು ಪ್ಯಾಂಟಿಗೆ ಒರೆಸಿಕೊಂಡ. ಹತ್ತು ಹದಿನೈದು ದಿನದಿಂದ ಹೊಸ ಜನ ಬರುತ್ತಿದ್ದಾರೆ ಅಂದ. ಆರಕ್ಕೆ ಸರಿಯಾಗಿ. ಒಳ್ಳೇ ಜನ, ಕಸ ಹಾಕುವುದಿಲ್ಲ, ಹೂ ಕೀಳುವುದಿಲ್ಲ, ಇಂಥವರೇ ಬಂದರೆ ತನ್ನ ಕೆಲಸ ಹೂವೆತ್ತಿದಂತೆ. ಆಮೇಲೆ ದನಿ ತಗ್ಗಿಸಿದ.

"ಇಲ್ಲಿರೋದು ಕಾಣುತ್ತೆ ಅಕ್ಕಾ... ಹೋಗೋದು ಒಂದಿನಾನೂ ನೋಡಿಲ್ಲ."

ಹಿಂದಿನ ಗೇಟಿನಿಂದ ಹೋಗ್ತಾರೇನೋ ಅಂದಳು ಪುಟ್ಟಕ್ಕ. ಅದನ್ನು ಆರಕ್ಕೇ ಮುಚ್ಚುತ್ತಿದ್ದೇನೆ, ಮೂರು ದಿನವಾಯಿತು ಅಂದ ಅವನು.

ಅವಳು ನಡೆದಳು. ಕರಕ್, ಕರಕ್. ದೂರದ ರಸ್ತೆಯಲ್ಲಿ ಬಸ್ಸಿನ ಬ್ರೇಕು ಉಸ್ಸ್... ಅಂದು ನಿಂತಿತು. ಬಾವಿಯೊಳಗೆ ಎಲ್ಲೋ ಒಂದು ಹನಿ. ತೊಟಕ್... ಎಣಿಸಿದರೆ ಎಂಟು, ಒಂಬತ್ತು... ಮತ್ತೆ ತೊಟಕ್.

ಅಜ್ಜಿ ಕಟ್ಟೆಯ ಮೇಲಿದ್ದಳು. ಈ ಸಲ ಇತ್ತ ಮುಖ ಮಾಡಿ.

ಕಂದು ಸ್ವೆಟರ್. ಗುಂಡಿಗಳು ಕಂದು. ಎರಡನೆಯದು ಬಿಳಿ.

ಪುಟ್ಟಕ್ಕ ಓಡಬೇಕಿತ್ತು. ನಾವಾಗಿದ್ದರೆ ಓಡುತ್ತಿದ್ದೆವು ಅಂತ ನೀವೂ ಅಂದುಕೊಳ್ಳುತ್ತೀರಿ, ನಾನೂ ಅಂದುಕೊಂಡಿದ್ದೇನೆ. ಆದರೆ ಹನ್ನೆರಡು ವರ್ಷದ ಅಭ್ಯಾಸ. ಕೈಯಲ್ಲಿ ಪ್ಯಾಡು, ಪ್ಯಾಡಿನಲ್ಲಿ ಫಾರಂ, ಎದುರಿಗೆ ಮನುಷ್ಯರಂಥದ್ದೊಂದು. ಬಾಯಿ ತಾನಾಗಿ ಕೆಲಸ ಶುರು ಮಾಡಿತು.

"ವಯಸ್ಸು...?"

"ಎಪ್ಪತ್ತೊಂದು. ನೀನೇ ಹಾಕಿದ್ದೀಯಲ್ಲ."

"ವಾರಕ್ಕೆ ಎಷ್ಟು ಸಲ ಬರ್ತೀರಿ?"

"ದಿನಾ."

"ಎಷ್ಟು ಹೊತ್ತು ಇರ್ತೀರಿ?"

ಅಜ್ಜಿಯ ದನಿ ಪಿಸುಗುಟ್ಟಿದ ಹಾಗಿತ್ತು, ಆದರೆ ಉಸಿರಿನ ಸದ್ದು ಇರಲಿಲ್ಲ.

"ಒಂದು ಗಂಟೆ ಅಂತ ಬರೆದಿದ್ದೀಯ... ಗಂಟೆ ಆಗುತ್ತೆ. ಏಳ್ತೀನಿ. ಎದ್ದು ನಿಂತ ಮೇಲೆ ಎತ್ತ ಹೋಗಬೇಕು ಅಂತ ತಿಳಿಯಲ್ಲ. ಮತ್ತೆ ಕೂರ್ತೀನಿ."

ಪುಟ್ಟಕ್ಕ ಅದನ್ನೂ ಬರೆದುಕೊಂಡಳು. ಒಂಬತ್ತನೇ ಪ್ರಶ್ನೆ ಕೇಳಿದಳು. ಈ ಪಾರ್ಕಿಗೆ ಬರೋದು ಯೋಗ್ಯ ಅನಿಸುತ್ತಾ ಅಜ್ಜಿ?

"ಅದನ್ನ ಬೇರೆ ಎಲ್ಲಿಗಾದರೂ ಹೋಗೋಕಿರೋರನ್ನ ಕೇಳು ಮಗಳೇ."

ತೊಟಕ್... ಅಂತು ಬಾವಿ.

ಇನ್ನುಳಿದದ್ದು ಒಂದೇ ಜಾಗ. ವಿಳಾಸ, ಅಂದಳು ಪುಟ್ಟಕ್ಕ. ಅಂದದ್ದೇ ತಡ, ಸುತ್ತ ಅಲ್ಲಲ್ಲಿ ಬೆಂಚಿನ ಹಲಗೆಗಳು ಮುಲುಗಿದವು. ಕಿಂಯ್... ಕಿಂಯ್. ಕೂತವರು ತಿರುಗಿದಾಗ ಆಗುವ ಸದ್ದು. ಅವಳು ತಲೆಯೆತ್ತಿದಳು. ದೀಪದ ಕಂಬದ ಕೆಳಗೆ ಒಂದು ಕಾಲು ಮುಂದೆ ಚಾಚಿ ಕೂತ ಮುದುಕ. ಅದರಾಚೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಗಂಡಸು, ಹೆಂಗಸು. ಹುಲ್ಲಿನಂಚಿನ ಬೆಂಚಿನಲ್ಲಿ ಷೂ ಬಿಚ್ಚಿಟ್ಟ ಬಿಳಿ ಬಟ್ಟೆಯವಳು. ಇನ್ನೂ ಆಚೆ, ಇನ್ನೂ ಆಚೆ... ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ ಮುಖದಲ್ಲಿ. ಬಸ್ ನಿಲ್ದಾಣದಲ್ಲಿ ಬೋರ್ಡಿಲ್ಲದ ಬಸ್ಸು ಬಂದಾಗ ಕಂಡಕ್ಟರನನ್ನು ನೋಡುತ್ತಾರಲ್ಲ, ಹಾಗೆ.

"ಅದಕ್ಕೇ ಕಾಯ್ತಾ ಇದ್ದೀವಿ," ಅಂದಳು ಅಜ್ಜಿ.

ಗೇಟಿನ ಕಡೆಯಿಂದ ವಾಚ್‌ಮನ್‌ನ ಸೀಟಿ. ಪೀ...ಪ್. ಮೊದಲನೆಯದು. ಮೂರನೆಯದಕ್ಕೆ ದೀಪ ಆರಿಸುತ್ತಾನೆ.

ಯಾವ ವಿಳಾಸ ಬರೆಯುವುದು? ಯಾವ ಬೀದಿಯ ಯಾವ ನಂಬರು ಹಾಕಿದರೂ ಅಲ್ಲೊಂದು ಮನೆ ಇದೆ, ಮನೆಯಲ್ಲಿ ಜನ ಇದ್ದಾರೆ. ಬೆಳಗಾದರೆ ಫಾರಂ ಕೇಳುವ ಸೂಪರ್‌ವೈಸರ್ ಇದ್ದಾನೆ. ಪಟ್ಟಿ ಇದೆ. ಪೀ...ಪ್, ಎರಡನೆಯದು. ಹೆದರಿದ ಕೈಗೆ ಕಣ್ಣು ಮುಚ್ಚಿ ಬರೆಯಲು ಬರುವ ವಿಳಾಸ ಒಂದೇ. ಅದು ಅದನ್ನೇ ಬರೆಯಿತು. ಮನೆ ನಂಬರು, ಬೀದಿ, ಎಲ್ಲ.

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಬೆರಳು ತಣ್ಣಗಿತ್ತು. ಫಾರಮ್ಮಿನ ಮೇಲೆ ಬಗ್ಗಿ ನಿಧಾನವಾಗಿ ಓದಿಕೊಂಡಳು.

"ಮನೇಲಿ ಯಾರಿದ್ದಾರೆ?"

"ಅತ್ತೆ..."

"ಒಳ್ಳೇದಾಯ್ತು," ಅಂದು ಅಜ್ಜಿ ಎದ್ದಳು. ಈ ಸಲ ಮತ್ತೆ ಕೂರಲಿಲ್ಲ.

ಮೂರನೇ ಸೀಟಿ. ದೀಪ ಆರಿತು. ಪುಟ್ಟಕ್ಕ ಓಡಿದಳು. ಜಲ್ಲಿಯ ಮೇಲೆ ಅವಳೊಬ್ಬಳದೇ ಸದ್ದು. ಆದರೆ ಬೆನ್ನ ಹಿಂದಿನ ಕತ್ತಲಿನಿಂದ ಗಂಡಸಿನ ದನಿಯೊಂದು, ತೀರಾ ಮರ್ಯಾದೆಯಿಂದ, ಕೇಳಿತು.

"ನಮ್ಮದೂ ಬರೀರಮ್ಮ..."

ಇದ್ದದ್ದು ಒಂದೇ ಫಾರಂ.

ರಸ್ತೆಯ ಮೇಲೆ ಇಪ್ಪತ್ತು ನಿಮಿಷದ ದಾರಿಯನ್ನು ಅವಳು ಹೇಗೆ ಮುಗಿಸಿದಳೋ. ಮನೆಯ ಬಾಗಿಲು ತೆರೆದಿತ್ತು. ಅತ್ತೆ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದರು, ಮುಖ ಬಿಗಿದುಕೊಂಡು.

"ಎಲ್ಲೇ ಹೋಗಿದ್ದೆ? ನಿನ್ನ ಕಡೆಯವರು ಬಂದು ಆಗಲೇ ಎಷ್ಟು ಹೊತ್ತಾಯ್ತು. ಬರಿಗೈಲಿ ಬರೋದು ನಿಮ್ಮ ಮನೆತನದ ಪದ್ಧತಿ, ಅದಿರಲಿ. ಒಂದು ಮಾತಾದರೂ ಆಡಬಾರದಾ?"

ಕಿಟಕಿಯ ಪಕ್ಕದ ಕುರ್ಚಿಯತ್ತ ಗಲ್ಲ ತೋರಿಸಿದರು. ಕುರ್ಚಿ ಖಾಲಿಯಿತ್ತು. ಪುಟ್ಟಕ್ಕನ ಕಣ್ಣಿಗೆ, ಅಂದರೆ ಎರಡು ಕಣ್ಣಿಗೂ, ಖಾಲಿಯಿತ್ತು.

ಆಮೇಲಿನದು ಎಲ್ಲ ಸಲೀಸು. ಫಾರಂ ಒಪ್ಪಿಗೆಯಾಯಿತು. ಅಚ್ಚುಕಟ್ಟಾದ ಫಾರಂ ಅಂದರೆ ಹೀಗಿರಬೇಕು ಅಂತ ಸೂಪರ್‌ವೈಸರ್ ಹೊಸಬರಿಗೆಲ್ಲ ಅದನ್ನೇ ತೋರಿಸಿದನಂತೆ. ಅದರ ಮೇಲಿನ ವಿಳಾಸ ಯಾರದ್ದು ಅಂತ ಯಾರೂ ನೋಡಲಿಲ್ಲ. ವಿಳಾಸ ಇದೆಯೇ ಅಂತ ನೋಡುವುದಷ್ಟೇ ಅವರ ಕೆಲಸ. ಸರಾಸರಿ ಮೂರೂವರೆ ಬಂತು. ಪಾರ್ಕು ಉಳಿಯಿತು. ಪಟ್ಟಿಯಲ್ಲಿ ಪುಟ್ಟಕ್ಕ ಉಳಿದಳು, ಕಾಯಂ ಆದಳು.

ಅತ್ತೆಗೆ ಆಪರೇಷನ್ ಆದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಸಂಜೆ ಹೊತ್ತು ಅವರು ಕಿಟಕಿಯ ಕಡೆ ತಿರುಗಿ ಕೂರುತ್ತಾರೆ, ಸೊಸೆಯ ಮೇಲಿನ ದೂರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಮೊದಮೊದಲು ಇದು ನಮಗೆಲ್ಲ ನಗು. ಪುಟ್ಟಕ್ಕ ನಗುತ್ತಿರಲಿಲ್ಲ. ಒಂದು ರಾತ್ರಿ ನಾನು ಅಲ್ಲೇ ಉಳಿದುಕೊಂಡಿದ್ದೆ. ಎಲ್ಲರೂ ಮಲಗಿದ ಮೇಲೆ ಅವಳು ನನ್ನನ್ನು ಹಿತ್ತಿಲ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಇದೆಲ್ಲ ಹೇಳಿದಳು, ಕಿವಿಯ ಹತ್ತಿರ ಬಾಯಿಟ್ಟು. ಒಳಗೆ ಯಾಕೆ ಹೇಳಬಾರದು ಅಂದದ್ದಕ್ಕೆ, ಆ ಅಜ್ಜಿ ಮಲಗಲ್ಲ ಅಂದಳು.

ಬಂದವಳು ಅವಳಿಗೆ ಅಷ್ಟು ಭಾರವಲ್ಲ. ಪಾರ್ಕಿನಲ್ಲೇ ಉಳಿದವರು ಹದಿನೆಂಟು ಜನ. ಅವರನ್ನು ಬಿಡಿಸಬೇಕಾದರೆ ಆಫೀಸಿಗೆ ಹೋಗಿ ಇವೆಲ್ಲ ಅಡುಗೆಮನೆ ಫಾರಂ, ಹರಿದುಹಾಕಿ ಅನ್ನಬೇಕು. ಅಂದ ದಿನ ಕೆಲಸ ಹೋಗುತ್ತದೆ. ಸರಾಸರಿ ಇಳಿದರೆ ಪಾರ್ಕೂ ಹೋಗುತ್ತದೆ. ಎಲ್ಲ ಒಪ್ಪಿಕೊಂಡು ಒಂದು ಕಾಗದ ಬರೆದಿದ್ದಾಳೆ. ಎರಡು ವರ್ಷದಿಂದ ಅದು ಅವಳ ಚೀಲದಲ್ಲೇ ಇದೆ, ಮಡಿಕೆಯಲ್ಲಿ ಹರಿಯುವಷ್ಟು ಹಳತಾಗಿದೆ. ಕೊಟ್ಟಿಲ್ಲ. ನಾಳೆ ಕೊಡ್ತೀನಿ ಅನ್ನುತ್ತಾಳೆ. ಆ ಪಾರ್ಕು ನೋಡೋಕೆ ಯೋಗ್ಯವಾ ಅಂತ ಯಾರಾದರೂ ಕೇಳಿದರೆ ಬೆಳಿಗ್ಗೆ ಹೋಗಿ, ಚೆನ್ನಾಗಿದೆ ಅನ್ನುತ್ತಾಳೆ. ಅವಳು ಮಾತ್ರ ಇಪ್ಪತ್ತು ನಿಮಿಷದ ದಾರಿಯಲ್ಲೇ ಬರುತ್ತಾಳೆ.

ನೀವು ನಂಬಬೇಕಾಗಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕಿ ಏನೋ ಅಂದಳು, ತಪ್ಪು ಮಾಡಿದವಳು ಏನೋ ಕಂಡಳು ಅಂತ ನಾನೂ ಎಷ್ಟೋ ದಿನ ಅಂದುಕೊಂಡೆ. ಆದರೆ ಹೋದ ತಿಂಗಳು ಪಾರ್ಕಿನ ಬೆಂಚುಗಳಿಗೆಲ್ಲ ಹಸಿರು ಬಣ್ಣ ಹೊಡೆದರು. ಬಾವಿಕಟ್ಟೆಗೆ ಬಿಳಿ. ಬಣ್ಣದವರು ಮುಗಿಸುವಾಗ ಸಂಜೆ ಐದೂವರೆ. ಬಣ್ಣ ಹಸಿ ಅಂತ ವಾಚ್‌ಮನ್ ಅವತ್ತು ಎಲ್ಲರನ್ನೂ ಹೊರಗೆ ಕಳಿಸಿ, ಎರಡೂ ಗೇಟಿಗೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೊರಗಡೆಯೇ ಕೂತಿದ್ದ. ಬೆಳಿಗ್ಗೆ ಅವನು ಬೀಗ ತೆಗೆಯುವಾಗ ನಾನು ಗೇಟಿನ ಹತ್ತಿರವೇ ಇದ್ದೆ, ನಡೆಯಲು ಬಂದವಳು. ಅವನ ಜೊತೆಗೇ ಒಳಗೆ ಹೋದೆ.

ಬೆಂಚುಗಳ ಮೇಲಿನ ಬಣ್ಣ ಕೆಟ್ಟಿತ್ತು. ಕೂತ ಗುರುತು. ಬಟ್ಟೆಯ ನೇಯ್ಗೆ ಕೂಡ ಬಣ್ಣದಲ್ಲಿ ಅಚ್ಚೊತ್ತಿತ್ತು, ಬೆರಳಿಟ್ಟು ಮುಟ್ಟಿ ನೋಡಿದೆ. ಒಂದು ಬೆಂಚಿನಲ್ಲಿ ಎರಡು ತುದಿಗೆ ಎರಡು ಗುರುತು, ನಡುವೆ ಬಣ್ಣ ಹಾಗೇ ಇತ್ತು. ಒಂದೊಂದನ್ನೇ ಎಣಿಸುತ್ತ ಪಾರ್ಕು ಪೂರ್ತಿ ಸುತ್ತಿದೆ. ಹದಿನೆಂಟು.

ಬಾವಿಕಟ್ಟೆಯ ಬಣ್ಣ ಸುತ್ತಲೂ ನುಣ್ಣಗಿತ್ತು.